ಏರಿನ ಬುಡದಲ್ಲಿ ನಿಂತ ಟ್ರೇಲರ್

ಟ್ರ್ಯಾಕ್ಟರ್ ಮೇಲೆ ಶ್ರೀಧರ್ ಕೂತಿರುವುದು ಕಂಡಿದ್ದೇ ತಡ, ಏರಿನ ಬುಡದಲ್ಲಿ ಮೆರವಣಿಗೆ ನೋಡಲು ನಿಂತಿದ್ದ ಹೇಮಶ್ರೀಯ ಎದೆ ಧಸಕ್ಕೆಂದಿತು.

ಹಿಂದೆ ಟ್ರೇಲರ್. ಅದರ ಮೇಲೆ ಆಳೆತ್ತರದ ಗಣೇಶ, ವಾದ್ಯದವರು, ಜನರೇಟರ್... ಅದು ಸಾಲದೆಂದು ಬಸವನಗುಡಿಯ ಒಂದೊಂದು ಕ್ರಾಸಿನಲ್ಲೂ ಮೂರ್ತಿ ಹಿಡಿದುಕೊಳ್ಳುವ ನೆಪದಲ್ಲಿ ಹತ್ತಿಕೊಂಡವರು! ವಿಸರ್ಜನೆಯ ದಿನ ಗಣೇಶನ ಪಕ್ಕ ನಿಂತರೆ ಪುಣ್ಯವಂತೆ. ಎಳೆಯುವವನ ಪಾಡು ಯಾರಿಗೆ ಬೇಕು?

ಮುಂದೆ ಏರು. ಇದೇ ಏರಿನಲ್ಲಿ ಅವಳ ಅಪ್ಪ ಆಂಜಿನಯ್ಯ ಹೋಗಿದ್ದು. ಹೊರೆ ಹೆಚ್ಚಾದ ಟ್ರೇಲರೊಂದು ಹಿಂದಕ್ಕೆ ಜಾರಿತ್ತು. ಅದರ ಹಿಂದೆ ಸೈಕಲ್‌ನಲ್ಲಿದ್ದ ಅಪ್ಪ ಮನೆಗೆ ಬರಲೇ ಇಲ್ಲ.

ಶ್ರೀಧರ್‌ಗೆ ಇದೆಲ್ಲ ಗೊತ್ತಿತ್ತು. ಕಳೆದ ವರ್ಷ ಇದೇ ಮೆರವಣಿಗೆಯಲ್ಲಿ ಇಬ್ಬರ ನಡುವೆ ಪ್ರಸಾದದ ನೆಪದಲ್ಲಿ ಮಾತು, ಮಾತಿನ ನೆಪದಲ್ಲಿ ಪ್ರೀತಿ! ಆದರೆ ಬರೀ ಕಾರಿನ ಲೈಸೆನ್ಸ್ ಇಟ್ಟುಕೊಂಡು ಟ್ರೇಲರ್ ಎಳೆಯುತ್ತಾನೆಂದು ತಿಳಿದ ದಿನ ಅವಳು ನಡುಗಿಹೋದಳು. ಅಷ್ಟು ಭಾರಕ್ಕೆ ಬೇರೆ ಲೈಸೆನ್ಸ್ ಬೇಕು, ಟ್ರೇಲರ್ ಪಕ್ಕದಲ್ಲಿ ಬರೆದ ತೂಕ ಮೀರಬಾರದು ಎಂದು ಗೋಗರೆದಳು. ಅವನು ನಕ್ಕುಬಿಟ್ಟ. ಟ್ರೇಲರ್ ಬೇಕೋ ನಾನು ಬೇಕೋ ಎಂದು ಕೇಳಿಯೇಬಿಟ್ಟಳು. ಎದ್ದು ಹೋದವನು ಯುಗಾದಿಯಿಂದ ಇತ್ತ ತಲೆ ಹಾಕಿರಲಿಲ್ಲ.

'ನನಗಿಂತ ಅದೇ ಹೆಚ್ಚಾಯಿತಲ್ಲ... ಹಾಳಾಗಿ ಹೋಗಲಿ!' ಎಂದುಕೊಂಡವಳ ಕಾಲು ಮಾತ್ರ ಅಲ್ಲಿಂದ ಕದಲಲಿಲ್ಲ.

ಹಿಂಬದಿಗೆ ಇನ್ನಷ್ಟು ಜನ ಜೋತುಬಿದ್ದರು. ಏರು ಮುಟ್ಟಿದ್ದೇ ಟ್ರ್ಯಾಕ್ಟರಿನ ಮುಂದಿನ ಚಕ್ರ ನೆಲ ಬಿಟ್ಟು ಎದ್ದಂತಾಯಿತು...

'ದೇವರೇ, ಅಪ್ಪನನ್ನು ಕರೆದುಕೊಂಡೆ. ಇವನನ್ನಾದರೂ ಬಿಡು!'

ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ಶ್ರೀಧರ್ ಬ್ರೇಕ್ ಒತ್ತಿ ಹಿಡಿದು, ಚಕ್ರಗಳ ಹಿಂದೆ ಜಾರದಂತೆ ಕಲ್ಲು ಕೊಡಿಸಿ, ಎಲ್ಲರೂ ಇಳಿಯಬೇಕೆಂದ. ಗಣೇಶೋತ್ಸವದ ಯಜಮಾನ ಮಾಯಣ್ಣ ಕೆಂಡಾಮಂಡಲವಾದ. ಹೊತ್ತು ಮೀರುತ್ತಿದೆ, ಇಷ್ಟಕ್ಕೆಲ್ಲ ಹೆದರುವವನು ಗಂಡಸೇ ಎಂದು ಜನರೆದುರೇ ಹಂಗಿಸಿದ.

"ಹೂಂ ಮಾಯಣ್ಣ, ಹೆದರ್ಕೊಂಡಿದೀನಿ. ಗಣೇಶ ಒಬ್ನೇ ಇರ್ಲಿ. ಇಲ್ಲಾಂದ್ರೆ ನಾನು ಎಳೆಯಲ್ಲ."

ಗೊಣಗುತ್ತಲೇ ಜನ ಇಳಿದರು. ಜನರೇಟರೂ ಇಳಿಯಿತು. ಎಲ್ಲರೂ ಪಕ್ಕದಲ್ಲಿ ನಡೆಯಲಿ, ಟ್ರೇಲರ್ ಹಿಂದೆ ಮಾತ್ರ ಒಬ್ಬರೂ ಬರಕೂಡದು ಎಂದು ಅವನು ಹಟ ಹಿಡಿದ. ಆ ಮಾತು ಕಿವಿಗೆ ಬಿದ್ದಾಗ ಹೇಮಶ್ರೀಗೆ ಅಳು ಒತ್ತರಿಸಿ ಬಂತು.

ಅವಳೂ ಪಕ್ಕದಲ್ಲೇ ಏರು ಹತ್ತಿದಳು. ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ ಅವನು ಎದುರಿಗೆ ಬಂದ.

"ಹೆವಿ ಲೈಸೆನ್ಸ್ ಆಯ್ತು ಹೇಮಾ. ಮೊದಲ್ನೇ ಟೆಸ್ಟ್‌ನಲ್ಲಿ ಫೇಲಾದೆ. ಅದು ಸಿಗೋವರೆಗೂ ನಿನ್ನ ಮುಖ ನೋಡೋಕೆ ನಾಚಿಕೆ ಆಗ್ತಿತ್ತು."

"ಬಾಯ್ಬಿಟ್ಟು ಹೇಳೋಕೇನಾಗಿತ್ತು ನಿಂಗೆ? ಎಷ್ಟು ಅತ್ತಿದೀನಿ ಗೊತ್ತಾ?"

ಅವನು ತಲೆ ತಗ್ಗಿಸಿದ. ಅವಳು ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು.

"ನಂಗಿನ್ನೂ ಭಯ ಹೋಗಿಲ್ಲ ಶ್ರೀ..."

"ಹೋಗೋದು ಬೇಡ. ಇವತ್ತು ಬ್ರೇಕ್ ಒತ್ತಿಸಿದ್ದು ನಿನ್ನ ಭಯಾನೇ. ಜೀವನ ಪೂರ್ತಿ ಜೊತೆಗಿರ್ತೀಯಾ?"

"ಇರ್ತೀನಿ," ಎಂದಳು, ಅಳುತ್ತಲೇ ನಕ್ಕು. "ಮೊದ್ಲು ಹೋಗಿ ಆ ಚಕ್ರಕ್ಕೆ ಕಲ್ಲು ಕೊಡು."