ಇನ್ನೂ ಒಬ್ಬರು ಬಾಕಿ

ವೇದಿಕೆಯ ಮೇಲಿನ ಫಲಕ ಒಮ್ಮೆ ಹಸಿರಾಗುವಂತೆ ಮಿನುಗಿ ಮತ್ತೆ ಕೆಂಪಾಯಿತು: ‘ಇನ್ನೂ ಒಬ್ಬರು ಬಾಕಿ.’

ಹುಬ್ಬಳ್ಳಿಯ ಆ ಕಲ್ಯಾಣ ಮಂಟಪದಲ್ಲಿ ಕುಳಿತಿದ್ದ ನೂರಾರು ನೆಂಟರು ಒಟ್ಟಿಗೆ ನಿಟ್ಟುಸಿರು ಬಿಟ್ಟರು. ಊಟದ ಮನೆಯ ಬಾಗಿಲು ಮುಚ್ಚಿತ್ತು. ಅದರ ಸಂದಿಯಿಂದ ಬದನೆಕಾಯಿ ಎಣ್ಣೆಗಾಯಿಯ ವಾಸನೆ ಮಾತ್ರ ಬರುತ್ತಿತ್ತು. ಬೀದಿಯ ಕಡೆಯ ಬಾಗಿಲೂ ಮುಚ್ಚಿತ್ತು. ನಿಶ್ಚಿತಾರ್ಥದ ಉಂಗುರಗಳು ಬೆಳ್ಳಿ ತಟ್ಟೆಯಲ್ಲಿ ಕಾಯುತ್ತಿದ್ದವು.

ಇದೆಲ್ಲ ತೃಪ್ತಿಮಾಪಕದ ಕೆಲಸ. ಡಾ. ಉಮಾ ಕರ್ಜಗಿಯವರು ಅದನ್ನು ಮೊದಲು ರೂಪಿಸಿದ್ದು ವಿಜ್ಞಾನಿಗಳ ಸಮ್ಮೇಳನಗಳಿಗಾಗಿ. ಪ್ರತಿ ಕುರ್ಚಿಯಲ್ಲೂ ನಾಡಿ, ಉಸಿರು, ಬೆವರುಗಳನ್ನು ಅಳೆಯುವ ಸಂವೇದಕಗಳು ಅಡಗಿದ್ದವು. ಬೇಸರಗೊಂಡವರ ಬೆನ್ನಿಗೆ ಕುರ್ಚಿಯೇ ಹಿತವಾದ ಬಿಸುಪು ಕೊಡುತ್ತಿತ್ತು, ತಂಗಾಳಿ ಬೀಸುತ್ತಿತ್ತು, ಅವರಿಗಷ್ಟೇ ಕೇಳುವಂತೆ ಇಷ್ಟದ ರಾಗ ನುಡಿಸುತ್ತಿತ್ತು. ಭಾಷಣ ಉದ್ದವಾದರೆ ಮೈಕಿನ ದನಿ ತಾನಾಗಿಯೇ ಇಳಿಯುತ್ತಿತ್ತು. ಆ ಒಂದು ಗುಣಕ್ಕೇ ಯಂತ್ರಕ್ಕೆ ಪ್ರಶಸ್ತಿ ಬಂತು ಎನ್ನುವವರೂ ಇದ್ದಾರೆ.

ಆದರೆ ನಿಜವಾದ ಗಿರಾಕಿಗಳು ಸಿಕ್ಕಿದ್ದು ಮದುವೆ ಮನೆಗಳಲ್ಲಿ. ಮುನಿಸಿಕೊಂಡು ಊಟ ಬಿಟ್ಟು ಎದ್ದು ಹೋಗುವ ಒಬ್ಬ ನೆಂಟನಿಲ್ಲದೆ ನಮ್ಮಲ್ಲಿ ಯಾವ ಶುಭಕಾರ್ಯ ತಾನೇ ಮುಗಿದಿದೆ? ಹೆಣ್ಣು ಹೆತ್ತ ತಂದೆಯಂದಿರು ಕಾಡಿ ಬೇಡಿ ಬಾಗಿಲಿನ ನಿಯಮ ಹಾಕಿಸಿಕೊಂಡರು. ಕೊನೆಯ ಅತೃಪ್ತನಿಗೂ ಸಮಾಧಾನವಾಗುವವರೆಗೆ ಮುಖ್ಯ ಶಾಸ್ತ್ರವೂ ಇಲ್ಲ, ಊಟವೂ ಇಲ್ಲ, ಹೊರಗೆ ಹೋಗುವುದೂ ಇಲ್ಲ. ಬೆಂಕಿ ಬಿದ್ದರೆ, ಯಾರಿಗಾದರೂ ಕಾಯಿಲೆಯಾದರೆ, ಇಲ್ಲವೇ ಜನ ಗುಂಪುಗುಂಪಾಗಿ ಸಿಟ್ಟಿಗೆದ್ದು ಗಲಭೆಯಾಗುವಂತಿದ್ದರೆ ಮಾತ್ರ ಬಾಗಿಲುಗಳು ತಾವಾಗಿ ತೆರೆಯುತ್ತವೆ. ಅತೃಪ್ತರು ಯಾರೆಂದು ಯಂತ್ರ ಹೇಳುವುದಿಲ್ಲ. ಹೇಳಿದರೆ ಸಂಬಂಧಗಳು ಉಳಿಯಬೇಕಲ್ಲ!

ಹೆಣ್ಣಿನ ತಂದೆ ಮಹಾರುದ್ರಪ್ಪನವರಿಗೆ ಮಾತ್ರ ಅದು ಯಾರೆಂಬ ಬಗ್ಗೆ ಅನುಮಾನವೇ ಇರಲಿಲ್ಲ. ವರನ ಸೋದರಮಾವ ಸೋಮಲಿಂಗಪ್ಪ ಮುನಿಸಿಗೆ ಹೆಸರಾದವರು. ಅವರಿಗೆ ಶಾಲು ಹೊದಿಸಿ, ಪೇಟ ಸುತ್ತಿ, ಮುಂದಿನ ಸಾಲಿಗೆ ತಂದು ಕೂರಿಸಿದ್ದಾಯಿತು. ಫಲಕ ಅಲುಗಲಿಲ್ಲ. ಇನ್ನೊಂದು ಶಾಲು ಹೊದಿಸಿದ್ದಾಯಿತು.

“ಸಾಕ್ರಿ ಮಹಾರುದ್ರಪ್ಪನವ್ರ, ಸೆಕಿ ಆಗಾಕತ್ತೇತಿ,” ಎಂದರು ಸೋಮಲಿಂಗಪ್ಪ. “ಇಷ್ಟು ಮರ್ಯಾದಿ ನನಗ ಜೀವನದಾಗ ಯಾರೂ ಮಾಡಿಲ್ಲ. ಭಾಳ ಖುಷಿಯಾಗೇನಿ. ಆಣಿ ಮಾಡ್ಲೇನ್ರಿ?”

ಹಿಂದಿನ ಸಾಲಿನಲ್ಲಿ ಒಬ್ಬ ಎದೆನೋವೆಂದು ಒರಗಿದ. ಕುರ್ಚಿ ಅವನ ನಾಡಿ ನೋಡಿ, “ಹಸಿವು” ಎಂದು ಹೇಳಿ ತಂಗಾಳಿ ಬೀಸಿತು. ಅವನೂ ಸಮಾಧಾನದಿಂದ ಕಣ್ಣು ಮುಚ್ಚಿದ. ಹಸಿದವರೆಲ್ಲ ಹೀಗೆಯೇ ಹಿತವಾಗಿ ಸೆರೆ ಸಿಕ್ಕಿದ್ದರು.

ಆ ‘ಒಬ್ಬರು’ ಯಾರೆಂದು ಬಲ್ಲವಳು ಸಭೆಯಲ್ಲಿ ದಾನೇಶ್ವರಿ ಒಬ್ಬಳೇ. ವೇದಿಕೆಯ ಮೇಲೆ, ವರನ ಪಕ್ಕದ ವಧುವಿನ ಕುರ್ಚಿಯಲ್ಲಿ ಕುಳಿತಿದ್ದ ಅವಳು ಕುರ್ಚಿಯೊಡನೆ ಹೋರಾಡುತ್ತಿದ್ದಳು. ಈ ಮದುವೆ ಈಗ ಬೇಡವೆಂದು ಅಪ್ಪನಿಗೆ ಎರಡು ಸಲ ಹೇಳಿದ್ದಳು. ‘ನಾಚಿಕೊಂಡಾಳ’ ಎಂದು ಅವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಈಗ ಬೆನ್ನಿಗೆ ಬಿಸುಪು ತಾಗುತ್ತಿತ್ತು. ಅಜ್ಜ ಹಾರ್ಮೋನಿಯಂನಲ್ಲಿ ನುಡಿಸುತ್ತಿದ್ದ ರಾಗ ಕಿವಿಯ ಹತ್ತಿರವೇ ಕೇಳುತ್ತಿತ್ತು. ಬೇಡವೆಂದರೂ ಮೈ ಸಡಿಲಾಗುತ್ತಿತ್ತು. ಪೂರ್ತಿ ಸಡಿಲಾದರೆ ಫಲಕ ಹಸಿರಾಗುತ್ತದೆ, ಹಸಿರಾದರೆ ಉಂಗುರ ಬರುತ್ತದೆ. ಎದ್ದು ಹೋಗೋಣವೆಂದರೆ ಬಾಗಿಲು ತೆರೆಯುವುದಿಲ್ಲ. ಬಳೆಗಳನ್ನು ಮಣಿಕಟ್ಟಿಗೆ ನೋಯುವಂತೆ ಒತ್ತಿಕೊಂಡು ಕುಳಿತಳು. ಅವಳಿಗೆ ಭಯವಾಗುತ್ತಿತ್ತು.

ಮಹಾರುದ್ರಪ್ಪ ವೇದಿಕೆಯ ಪಕ್ಕದಲ್ಲಿ ಯಂತ್ರದ ಮುಂದೆ ನಿಂತಿದ್ದ ಉಮಾ ಅವರ ಬಳಿಗೆ ಬಂದರು. “ಮೇಡಂ, ಯಾರಂತ ನನಗಷ್ಟ ಹೇಳ್ರಿ.”

“ನನಗೂ ಗೊತ್ತಾಗಂಗಿಲ್ರಿ. ಕುರ್ಚಿ ಮ್ಯಾಲ ಕೂತವರು ಎಲ್ಲಾರೂ ಲೆಕ್ಕಕ್ಕ ಬರ್ತಾರ.”

“ಎಲ್ಲಾರೂ ಅಂದ್ರ? ಹುಡುಗಿನೂ?”

“ಹೌದ್ರಿ ಮತ್ತ, ಆಕೀನೂ.”

ಮಹಾರುದ್ರಪ್ಪ ವೇದಿಕೆಯ ಕಡೆ ತಿರುಗಿದರು. ಬೆಳಗಿನಿಂದ ಮಗಳ ಸೀರೆ ನೋಡಿದ್ದರು, ಮುಡಿದ ಹೂವಿನ ದಂಡೆ ನೋಡಿದ್ದರು; ಮುಖ ನೋಡಿದ್ದು ಈಗಲೇ.

“ಆದ್ರ ಹುಡುಗಿ ಆಗಿರ್ಲಿಕ್ಕಿಲ್ರಿ,” ಎಂದರು ಉಮಾ, ತಮ್ಮ ಯಂತ್ರದ ಮೇಲಿನ ವಿಶ್ವಾಸದಿಂದ. “ಮೊದಲಿನ ಪ್ರಯೋಗದಾಗ ಎಷ್ಟೋ ಹೆಣ್ಮಕ್ಕಳು ಅತ್ರು, ಫಲಕ ಹಸಿರಾಗ್ಲೇ ಇಲ್ಲ. ಅದಕ್ಕ ಆನಂದಬಾಷ್ಪ ತಿದ್ದುಪಡಿ ಅಂತ ಹಾಕೀವಿ. ವಧುವಿನ ಕುರ್ಚ್ಯಾಗ ಕೂತಾಕಿ ಅತ್ರ ಯಂತ್ರ ಅದನ್ನ ತೃಪ್ತಿ ಅಂತ ಎಣಸ್ತೈತಿ.”

“ಈಕಿ ಎಲ್ಲಿ ಅಳಾಕತ್ತಾಳ್ರಿ?”

ಉಮಾ ನೋಡಿದರು. ಹುಡುಗಿಯ ಕಣ್ಣುಗಳು ಒಣಗಿದ್ದವು. ಹಾಗಾದರೆ ಬಾಕಿ ಇರುವವಳು ಇವಳೇ ಇರಬಹುದು.

ಮಹಾರುದ್ರಪ್ಪನವರ ಮುಖ ಮಾತ್ರ ಅರಳಿತು. “ಹಂಗಾದ್ರ ಆಕೀನ ಅಳಿಸಿದ್ರ ಮುಗೀತಲ್ಲ!”

ಉಮಾ ಬೇಡವೆನ್ನಬೇಕಿತ್ತು. ಆದರೆ ನಿಯಮ ಬರೆದವರು ತಾವೇ ಆದ್ದರಿಂದ ಯಂತ್ರದ ಕಡೆ ಮುಖ ತಿರುಗಿಸಿದರು.

ಮದುವೆಯ ದಿನ ಹಾಡಬೇಕಾದ, ಹೆಣ್ಣು ಒಪ್ಪಿಸುವ ಹಾಡನ್ನು ನಿಶ್ಚಿತಾರ್ಥಕ್ಕೇ ಹಾಡಿಸಿದರು. ಮುದುಕಿಯರು ಸುತ್ತ ನಿಂತು ದನಿ ಎತ್ತಿದರು. ಸಭೆಯ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ದಾನೇಶ್ವರಿ ಬಳೆಗಳನ್ನು ಇನ್ನಷ್ಟು ಒತ್ತಿಕೊಂಡಳು. ಕಣ್ಣೀರಿನ ನಿಯಮ ಅವಳಿಗೇನು ಗೊತ್ತು? ಕಣ್ಣು ತುಂಬಿ ಬಂದಂತೆ ಫಲಕದ ಕೆಂಪು ತಿಳಿಯಾಗತೊಡಗಿತು. ಮಹಾರುದ್ರಪ್ಪ ಉಂಗುರದ ತಟ್ಟೆಯನ್ನು ಕೈಗೆತ್ತಿಕೊಂಡರು.

“ಹಾಡು ನಿಲ್ಲಸ್ರಿ!”

ಕೂಗಿದವಳು ಅವರ ಹೆಂಡತಿ ಗಿರಿಜವ್ವ. ಆರತಿ ತಟ್ಟೆ ಹಿಡಿದು ಹಿಂದೆಯೇ ನಿಂತಿದ್ದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಟ್ಟೆಯನ್ನು ನೆಲಕ್ಕಿಟ್ಟು ವೇದಿಕೆ ಹತ್ತಿದಳು. ಹನಿ ಉದುರುವ ಮೊದಲೇ ಮಗಳ ಕಣ್ಣನ್ನು ಸೆರಗಿನಿಂದ ಒರೆಸಿದಳು.

“ದಾನವ್ವಾ, ಅಳಬ್ಯಾಡ. ಬಾಯಿ ಬಿಟ್ಟು ಹೇಳು. ಈ ಲಗ್ನ ನಿನಗ ಬೇಕೇನು?”

“ಬ್ಯಾಡವ್ವಾ,” ಎಂದಳು ದಾನೇಶ್ವರಿ. “ಹುಡುಗ ಚಲೋ ಇದ್ದಾನ. ಆದ್ರ ನನಗೀಗ ಬ್ಯಾಡ. ಎರಡ್ ಸಲ ಅಪ್ಪಗ ಹೇಳೀನಿ.”

ಮೈಕು ಅದನ್ನು ಸಭೆಗೆಲ್ಲ ಮುಟ್ಟಿಸಿತು. ಸೋಮಲಿಂಗಪ್ಪ ಎರಡೂ ಶಾಲುಗಳನ್ನು ಕಿತ್ತೆಸೆದರು. ಗಂಡಿನ ಕಡೆಯವರು ಸಿಟ್ಟಾದರು, ಅದನ್ನು ಕಂಡು ಹೆಣ್ಣಿನ ಕಡೆಯವರೂ ಸಿಟ್ಟಾದರು. ಎಲ್ಲರೂ ಎದ್ದು ನಿಲ್ಲುವ ಮೊದಲೇ ಫಲಕದ ಬರಹ ಬದಲಾಯಿತು: ‘ಒಬ್ಬರು ಮಾತ್ರ ತೃಪ್ತರು.’ ಗಲಭೆಯ ಸೂಚನೆ ಅರಿತ ಯಂತ್ರ ಬಾಗಿಲುಗಳನ್ನೆಲ್ಲ ಒಮ್ಮೆಲೇ ತೆರೆಯಿತು.

ಬೀಗರು ಬೈಯುತ್ತ ಬೀದಿಗಿಳಿದರು. ಮಹಾರುದ್ರಪ್ಪ ಕೈಮುಗಿಯುತ್ತ ಅವರ ಹಿಂದೆ ಓಡಿದರು. ಉಳಿದವರು ಬೈಯುತ್ತಲೇ ಊಟದ ಮನೆಗೆ ನುಗ್ಗಿದರು. ಎಷ್ಟೇ ಸಿಟ್ಟಿದ್ದರೂ ಎಣ್ಣೆಗಾಯಿ ಬಿಡುವ ಜನವಲ್ಲ. ದಾನೇಶ್ವರಿ ದಂಡೆ ತೆಗೆದಿಟ್ಟು ಅವರೆಲ್ಲರಿಗಿಂತ ಮೊದಲು ಹೋಗಿ ಎಲೆಯ ಮುಂದೆ ಕುಳಿತಿದ್ದಳು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ.

ಸಭಾಂಗಣದಲ್ಲಿ ಉಮಾ ಮತ್ತು ಗಿರಿಜವ್ವ ಮಾತ್ರ ಉಳಿದರು.

“ಮೇಡಂ, ಅಳೂದು ಅಂದ್ರ ಸಂತೋಷ ಅಂತ ನಿಮಗ್ಯಾರು ಹೇಳಿದ್ರಿ?”

“ಮದುವಿ ಮನ್ಯಾಗ ಎಲ್ಲಾರೂ ಹಂಗ ಅಂದ್ರು...”

“ಅಳೂ ಹುಡುಗ್ಯಾರನ್ನ ಕೇಳಿದ್ರೇನು?”

ಉಮಾ ಫಲಕದ ಕಡೆ ನೋಡಿದರು. ಎಷ್ಟೋ ಮಂಟಪಗಳಲ್ಲಿ ಈ ಫಲಕ ಹಸಿರಾಗಿತ್ತು. ಹಸಿರಾದಾಗಲೆಲ್ಲ ಸಭೆಯ ಜೊತೆ ಅವರೂ ಚಪ್ಪಾಳೆ ತಟ್ಟಿದ್ದರು. ಆ ಹುಡುಗಿಯರಲ್ಲಿ ಒಬ್ಬಳ ಮುಖವೂ ಈಗ ನೆನಪಾಗಲಿಲ್ಲ. ಅವರು ನಾಚಿಕೆಯಿಂದ ಯಂತ್ರದ ಬಳಿಗೆ ಹೋಗಿ ಆನಂದಬಾಷ್ಪ ತಿದ್ದುಪಡಿಯನ್ನು ಅಳಿಸಿಹಾಕಿದರು.

ಗಿರಿಜವ್ವ ಚೆಲ್ಲಿದ್ದ ಹೂಗಳನ್ನು ಆರಿಸುತ್ತ, ದಣಿದು, ಮಗಳು ಕುಳಿತಿದ್ದ ಕುರ್ಚಿಯಲ್ಲೇ ಕುಳಿತಳು. ಕುರ್ಚಿ ಅವಳ ಬೆನ್ನಿಗೆ ಬಿಸುಪು ಕೊಟ್ಟಿತು.

“ನನ್ನ ಲಗ್ನದಾಗ ನಾನೂ ಭಾಳ ಅತ್ತಿದ್ದೆರಿ,” ಎಂದಳು. “ಎಲ್ಲಾರೂ ನಗಾಕತ್ತಿದ್ರು.” ಅವಳ ಕಣ್ಣಿಂದ ನೀರು ಇಳಿಯಿತು.

ಖಾಲಿ ಸಭಾಂಗಣದಲ್ಲಿ ಫಲಕ ಕೆಂಪಗೆ ಬೆಳಗಿತು: ‘ಇನ್ನೂ ಒಬ್ಬರು ಬಾಕಿ.’ ಬಾಗಿಲುಗಳು ಮೆಲ್ಲಗೆ ಮುಚ್ಚಿಕೊಂಡವು. ಉಮಾ ಗಾಬರಿಯಿಂದ ಯಂತ್ರದ ಗುಂಡಿಯ ಕಡೆ ಕೈ ಚಾಚಿದರು.

“ಇರ್ಲಿ ಬಿಡ್ರಿ,” ಎಂದಳು ಗಿರಿಜವ್ವ. “ಸ್ವಲ್ಪ ಹೊತ್ತು ಹಂಗ ಇರ್ಲಿ.”

ಉಮಾ ಕೈ ಹಿಂದಕ್ಕೆ ತೆಗೆದುಕೊಂಡು, ವರನ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಕುಳಿತರು.

“ಹೇಳ್ರಿ,” ಎಂದರು.