ಶಾಲೆಗೆ ಮೊಸರು ತಂದವಳು

"ಈ ಮೊಸರನ್ನ ವಾಪಸ್ ತಗೊಂಡು ಹೋಗಿ."

ಕ್ಯಾನಿನೊಳಗೆ ಅದ್ದಿದ್ದ ಥರ್ಮಾಮೀಟರನ್ನು ಮೇಲೆತ್ತಿ ಬಟ್ಟೆಯಲ್ಲಿ ಒರೆಸುತ್ತಾ ಅಡುಗೆಯವನು ಹೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವಳಿಗೆ ಮೈಯೆಲ್ಲ ಉರಿಯಿತು.

ಶಾಲೆಯ ಅಡುಗೆಮನೆಯ ಹಿಂಬಾಗಿಲಿನಲ್ಲಿ ಇಬ್ಬರೂ ಎದುರುಬದುರು ನಿಂತಿದ್ದರು. ಒಳಗೆ ದೊಡ್ಡ ಪಾತ್ರೆಗಳಲ್ಲಿ ತರಕಾರಿ ಬೇಯುತ್ತಿತ್ತು. ಸಹಾಯಕಿಯರು ಕ್ಯಾರೆಟ್ ಹೆಚ್ಚುವುದನ್ನು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು.

ಅಲ್ಲಿಯವರೆಗೆ ಆ ಶಾಲೆಗೆ ಎಲ್ಲೋ ದೂರದ ಕಾರ್ಖಾನೆಯಿಂದ ಪ್ಯಾಕೆಟ್ ಊಟ ಬರುತ್ತಿತ್ತು. ಮಕ್ಕಳು ಅರ್ಧ ತಿಂದು ಅರ್ಧ ಬಿಸಾಡುತ್ತಿದ್ದರು. ಕೊನೆಗೆ ಪೋಷಕರೆಲ್ಲ ಪಟ್ಟು ಹಿಡಿದರು. ಸುತ್ತಮುತ್ತಲಿನ ರೈತರ ಮನೆಗಳಿಂದಲೇ ಸೊಪ್ಪು, ಮೊಟ್ಟೆ, ಮೊಸರು ತರಿಸಿ ಶಾಲೆಯಲ್ಲೇ ಬಿಸಿಬಿಸಿ ಅಡುಗೆ ಆಗಬೇಕು ಎಂದರು. ಮೊಸರು ಕೊಡುವ ಕೆಲಸ ಅವಳ ಮನೆಯ ಪಾಲಿಗೆ ಬಂತು. ಅಪ್ಪ ಹುಲ್ಲು ತರುವವರು, ಚಿಕ್ಕಮ್ಮ ಹೆಪ್ಪು ಹಾಕುವವರು, ಹಾಲು ಕರೆದು ವ್ಯಾನ್ ಓಡಿಸುವವಳು ಅವಳು. ಅಂದು ಮೊದಲ ದಿನ.

"ನಮ್ಮ ಮನೆ ಮೊಸರಲ್ಲಿ ಏನು ಕೆಟ್ಟಿದೆ, ಸ್ವಲ್ಪ ಹೇಳ್ತೀರಾ?"

"ಕೆಟ್ಟಿಲ್ಲ. ಬಿಸಿಯಾಗಿದೆ. ಊಟದ ಹೊತ್ತಿಗೆ ಕೆಡಬಹುದು."

ಅವಳು ಪಕ್ಕದಲ್ಲಿದ್ದ ಲೋಟ ಎತ್ತಿಕೊಂಡು ಕ್ಯಾನಿನಿಂದ ಮೊಸರು ತೋಡಿ, ಎಲ್ಲರ ಎದುರಿಗೇ ಗಟಗಟ ಕುಡಿದು ತೋರಿಸಿದಳು. ಮೂಗಿನ ತುದಿಗೆ ಅಂಟಿದ್ದೂ ಅವಳ ಗಮನಕ್ಕೆ ಬರಲಿಲ್ಲ.

ಅವನು ನಗಲಿಲ್ಲ. "ನೀವು ಕುಡಿದ್ರೆ ಏನಾದ್ರೂ ಆಗೋದು ನಿಮಗೊಬ್ಬರಿಗೇ. ನನ್ನ ಹತ್ರ ಒಂದು ಶಾಲೆ ಮಕ್ಕಳಿದ್ದಾರೆ."

ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೇ ಅವಳು ಮನೆಗೆ ಬಂದಳು. ಅಪ್ಪ ಎಲ್ಲ ಕೇಳಿ, ಆತ ಹೇಳಿದ್ದರಲ್ಲಿ ತಪ್ಪೇನಿದೆ ಎಂದುಬಿಟ್ಟರು. ಅಪ್ಪನೂ ಅವನ ಕಡೆಯೇ... ಮರುದಿನ ಕ್ಯಾನಿನ ಸುತ್ತ ಐಸ್ ತುಂಬಿ, ಒದ್ದೆ ಗೋಣಿ ಸುತ್ತಿಕೊಂಡು ಹೋದಳು. ಅವನು ಥರ್ಮಾಮೀಟರ್ ಅದ್ದಿ ನೋಡಿದ. ಕ್ಯಾನನ್ನು ತಾನೇ ಎತ್ತಿ ಒಳಗೆ ಒಯ್ದ. ಹಿಂದಿರುಗಿ ಬಂದು, "ನಿನ್ನೆ ಮೂಗಿನ ಮೇಲಿತ್ತು, ಹೇಳೋಕೆ ಧೈರ್ಯ ಬರಲಿಲ್ಲ" ಎಂದ.

ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಅವಳು ವ್ಯಾನ್ ಹತ್ತಿದಳು. ತಿರುವು ದಾಟಿದ ಮೇಲೆ ಒಬ್ಬಳೇ ನಕ್ಕಳು.

ಹೀಗೆ ಶುರುವಾಯಿತು. ಮಕ್ಕಳು ಅವಳನ್ನು ಮೊಸರಕ್ಕ ಎನ್ನುತ್ತಿದ್ದರು, ಅವನನ್ನು ಅಡುಗೆ ಮೇಷ್ಟ್ರು. ಕ್ಯಾನ್ ಇಳಿಸುವ ಐದು ನಿಮಿಷದ ಕೆಲಸ ದಿನ ಕಳೆದಂತೆ ಅರ್ಧ ಗಂಟೆಗೆ ಬೆಳೆಯಿತು. ಬೀಟ್‌ರೂಟನ್ನು ಮೊಸರಿಗೆ ಕಲಸಿದರೆ ಮಕ್ಕಳು ಬಣ್ಣ ನೋಡಿಯೇ ತಟ್ಟೆ ಖಾಲಿ ಮಾಡುತ್ತಾರೆ ಎಂದು ಅವನು ಹೇಳುತ್ತಿದ್ದ. ಕರು ಹಾಕಿದ ಹಸು ಒದೆಯುತ್ತದೆ ಎಂದು ಇವಳು ಹೇಳುತ್ತಿದ್ದಳು. ಅವನು, ಅಕ್ಕ ಮತ್ತು ಅಕ್ಕನ ಮಗಳು ತನ್ನ ಜೊತೆಗೇ ಇದ್ದಾರೆ, ಆ ಮಗು ಗುಬ್ಬಿ ಇದೇ ಶಾಲೆಯ ಮೂರನೇ ತರಗತಿಯಲ್ಲಿದ್ದಾಳೆ ಎಂದೂ ಒಂದು ದಿನ ಹೇಳಿದ. ಮನಸ್ಸಿನ ಮಾತು ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ.

ಚಿಕ್ಕಮ್ಮನಿಗೆ ಎಲ್ಲ ಗೊತ್ತಾಗುತ್ತಿತ್ತು. "ಮೊಸರು ಕೊಡೋಕೆ ಹೋಗೋಳಿಗೆ ಹೊಸ ಓಲೆ ಯಾಕೋ?" ಎಂದು ಹಸುವನ್ನು ಕೇಳುತ್ತಿದ್ದರು.

ಆಮೇಲೆ ಆ ಬುಧವಾರ ಬಂತು.

ಊಟವಾದ ಸ್ವಲ್ಪ ಹೊತ್ತಿಗೆ ಮೂರನೇ ತರಗತಿಯ ಮಕ್ಕಳು ಒಬ್ಬೊಬ್ಬರಾಗಿ ಹೊಟ್ಟೆ ಹಿಡಿದುಕೊಂಡು ಅಳತೊಡಗಿದರು. ಕೆಲವರು ವಾಂತಿ ಮಾಡಿಕೊಂಡರು. ಎಲ್ಲರನ್ನೂ ಆಸ್ಪತ್ರೆಗೆ ಸಾಗಿಸಿದರು. ಸಂಜೆ ಮುಖ್ಯೋಪಾಧ್ಯಾಯಿನಿ ಅಪ್ಪನಿಗೆ ಫೋನ್ ಮಾಡಿ, ಮೊಸರಿನ ಪರೀಕ್ಷೆಯ ಫಲಿತಾಂಶ ಬರುವವರೆಗೆ ಮೊಸರು ಕಳಿಸಬೇಡಿ ಎಂದರು. ಮೊದಲು ಮೊಸರನ್ನೇ ನಿಲ್ಲಿಸಿ ಅಂದವರು ಅಡುಗೆ ಮೇಷ್ಟ್ರು ಎಂಬುದನ್ನೂ ಸೇರಿಸಿದರು.

ಅವಳು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತುಬಿಟ್ಟಳು.

ಅವನೇ ಹೇಳಿದನಾ? ದಿನಾ ಕಣ್ಣಾರೆ ನೋಡಿದವನು... ಅವನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಆಗಲೂ ಇಲ್ಲ. ಎರಡು ವರ್ಷದ ಹಿಂದೆ ನಿಶ್ಚಯವಾಗಿದ್ದ ಗಂಡು, ಸಗಣಿ ಬಾಚುವ ಹುಡುಗಿ ಬೇಡ ಎಂದು ಹಿಂದೆ ಸರಿದಾಗಲೂ ಅವಳು ಇಷ್ಟು ನೊಂದಿರಲಿಲ್ಲ.

ಆದರೆ ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ನಿಜವಾಗಲೂ ನನ್ನ ಕೈಯಿಂದಲೇ ಆಗಿದ್ದರೆ? ಇವತ್ತು ಕ್ಯಾನ್ ಸರಿಯಾಗಿ ತೊಳೆದಿದ್ದೆನಾ? ತೊಳೆದದ್ದು ನೆನಪಿದೆ. ಅದು ಇವತ್ತಿನ ನೆನಪೋ, ನಿನ್ನೆಯದೋ?

ಬೆಳಿಗ್ಗೆ ಹಾಲು ಕರೆದವಳೇ, ಅಪ್ಪ ಬೇಡವೆಂದರೂ ಕೇಳದೆ ಆಸ್ಪತ್ರೆಗೆ ಹೊರಟಳು. ಅವನನ್ನು ನೋಡಲು ಅಲ್ಲ. ಮಕ್ಕಳನ್ನು ನೋಡದಿದ್ದರೆ ಅವಳಿಗೆ ಒಂದು ತುತ್ತೂ ಇಳಿಯುತ್ತಿರಲಿಲ್ಲ.

ವಾರ್ಡಿನ ಬಾಗಿಲ ಪಕ್ಕದ ಮಂಚದಲ್ಲೇ ಗುಬ್ಬಿ ಮಲಗಿದ್ದಳು. ಅಮ್ಮ ಬಟ್ಟೆ ತರಲು ಮನೆಗೆ ಹೋಗಿದ್ದಳಂತೆ, ಮಾಮ ಔಷಧಿ ತರಲು ಕೆಳಗೆ ಹೋಗಿದ್ದನಂತೆ. ಪುಟ್ಟ ಕೈಗೆ ಚುಚ್ಚಿದ್ದ ಸೂಜಿ ಕಂಡದ್ದೇ ಅವಳ ದುಃಖದ ಕಟ್ಟೆ ಒಡೆಯಿತು. ಮಂಚದ ಅಂಚಿಗೆ ಕುಸಿದು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

"ನನ್ನ ಮೊಸರಿಂದ ನಿಂಗೆ ಹೀಗಾಯ್ತಲ್ಲ ಕಂದಾ..."

ಗುಬ್ಬಿ ಅವಳನ್ನು ಗಾಬರಿಯಿಂದ ನೋಡಿದಳು. ಅಕ್ಕಪಕ್ಕದ ಮಂಚಗಳ ಕಡೆ ಕಣ್ಣು ಹಾಯಿಸಿದಳು. ತುಟಿ ಕಚ್ಚಿಕೊಂಡಳು. ಕೊನೆಗೆ ಅವಳ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು.

"ಮೊಸರಲ್ಲ ಅತ್ತೆ. ಕಾಯಿ."

"ಯಾವ ಕಾಯಿ?"

"ಸ್ಕೂಲ್ ಗೋಡೆ ಆಚೆ ಮರ ಇದೆಯಲ್ಲ, ಅದರದ್ದು. ಹಸಿರು ಕಾಯಿ. ಯಾರು ಜಾಸ್ತಿ ತಿಂತಾರೆ ಅಂತ ಪಂದ್ಯ ಕಟ್ಟಿದ್ವಿ. ನಾನೇ ಗೆದ್ದೆ." ಆ ಕೊನೆಯ ಮಾತಿನಲ್ಲಿ ಅಷ್ಟು ನೋವಿನಲ್ಲೂ ಒಂದಿಷ್ಟು ಹೆಮ್ಮೆ ಇತ್ತು.

ಗೋಡೆ ಹತ್ತಿದ್ದು ಗೊತ್ತಾದರೆ ಟೀಚರ್ ಬಿಡುವುದಿಲ್ಲವೆಂದು, ಯಾರೂ ಬಾಯಿ ಬಿಡಬಾರದೆಂದು ಇಡೀ ತರಗತಿಯೇ ಆಣೆ ಮಾಡಿಕೊಂಡಿತ್ತು.

ಅವಳು ನರ್ಸನ್ನು ಕರೆದಳು, ನರ್ಸ್ ಡಾಕ್ಟರನ್ನು ಕರೆದರು. ಡಾಕ್ಟರ್ ಒಂದೊಂದೇ ಮಂಚದ ಹತ್ತಿರ ನಿಂತು ಕೇಳಿದಾಗ ಮಕ್ಕಳು ಮುಖ ಮುಚ್ಚಿಕೊಂಡು ಒಪ್ಪಿಕೊಂಡರು. ಇಡೀ ಶಾಲೆ ಉಂಡಿದ್ದರೂ ಒಂದೇ ತರಗತಿಗೆ ಯಾಕೆ ಹೀಗಾಯಿತೆಂದು ತನಗೂ ಅನುಮಾನವಿತ್ತು, ಮೊಸರಿನ ಪರೀಕ್ಷೆಯಲ್ಲೂ ಏನೂ ಸಿಕ್ಕಿಲ್ಲವೆಂದು ಈಗಷ್ಟೇ ತಿಳಿದುಬಂತು, ಸಂಜೆಗೆ ಎಲ್ಲರೂ ಮನೆಗೆ ಹೋಗಬಹುದು ಎಂದರು ಅವರು.

ಎದೆಯ ಮೇಲಿನ ಬಂಡೆ ಯಾರೋ ಎತ್ತಿಟ್ಟ ಹಾಗಾಯಿತು. ಅವಳು ಅಪ್ಪನಿಗೆ ಫೋನ್ ಮಾಡಿದಳು. ಆ ಕಡೆಯಿಂದ ಮೂಗು ಸೀಟುವ ಸದ್ದೊಂದೇ ಕೇಳಿಸಿತು. ಆಮೇಲೆ ಚಿಕ್ಕಮ್ಮ ಫೋನ್ ತೆಗೆದುಕೊಂಡು, ನಿಮ್ಮಪ್ಪ ಅಳ್ತಾ ಇಲ್ಲ, ನೆಗಡಿ ಅಷ್ಟೇ ಎಂದರು.

ಆಗ ಅವಳಿಗೆ ಒಂದು ಮಾತು ನೆನಪಾಯಿತು.

"ಗುಬ್ಬಿ, ಆಗ ನನ್ನನ್ನ ಏನಂತ ಕರೆದೆ?"

"ಅತ್ತೆ." ಗುಬ್ಬಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಅಯ್ಯೋ, ಮನೇಲಿ ಮಾತ್ರ ಹಾಗನ್ನು, ಹೊರಗೆ ಬೇಡ ಅಂದಿದ್ದ ಮಾಮ."

ಮಾಮನ ಹೆಂಡತಿಯನ್ನಲ್ಲವೇ ಅತ್ತೆ ಎನ್ನುವುದು... ಅವಳ ಕಿವಿಯೆಲ್ಲ ಬಿಸಿಯಾಯಿತು.

ತಲೆ ಎತ್ತಿದರೆ ಬಾಗಿಲಲ್ಲಿ ಅವನು ನಿಂತಿದ್ದ. ಕೈಯಲ್ಲಿ ಔಷಧಿಯ ಪೊಟ್ಟಣ ಮತ್ತು ಚೀಟಿ, ಮೈಮೇಲೆ ನಿನ್ನೆಯ ಅದೇ ಅಂಗಿ. ಡಾಕ್ಟರ್ ಆಗಲೇ ವಿಷಯ ಹೇಳಿದ್ದರು. ಅವನ ಮುಖದಲ್ಲಿ ನಗುವೂ ಅಳುವೂ ಕಲಸಿಹೋಗಿದ್ದವು.

ವರಾಂಡದ ಬೆಂಚಿನ ಎರಡು ತುದಿಗಳಲ್ಲಿ ಇಬ್ಬರೂ ಕುಳಿತರು.

"ಮೊಸರು ನಿಲ್ಲಿಸಿ ಅಂತ ಹೇಳಿದ್ದು ನೀವೇನಾ?"

"ನಾನೇ. ಮೊಸರು, ಮೊಟ್ಟೆ, ಸೊಪ್ಪು, ಕೊನೆಗೆ ನನ್ನ ಅಡುಗೇನೂ ನಿಲ್ಲಿಸಿ ಅಂದೆ."

"ಆದರೆ ಮೊದಲು ಹೇಳಿದ್ದು ನಮ್ಮದನ್ನ."

ಅವನು ಚೀಟಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ. "ನಿಮ್ಮದನ್ನ ಬಿಟ್ಟು ಬೇರೆಯವರದನ್ನ ತಡೆದಿದ್ರೆ, ಇವನಿಗೆ ಅವಳ ಮೇಲೆ ಮನಸ್ಸಿದೆ, ಅದಕ್ಕೇ ಬಿಟ್ಟ ಅಂತಿದ್ರು ಜನ."

"ಹಾಗಂತಿದ್ರಾ?"

"ಹಾಗೆ ಅಂದಿದ್ರೆ ಸುಳ್ಳೂ ಆಗ್ತಿರಲಿಲ್ಲ."

ಎಷ್ಟೋ ದಿನದಿಂದ ಅವಳು ಕಾದಿದ್ದ ಮಾತು ಸಿಕ್ಕಿತ್ತು. ಆದರೂ ರಾತ್ರಿಯ ನೋವು ಇನ್ನೂ ಹಸಿಯಾಗಿಯೇ ಇತ್ತು.

"ಫೋನ್ ಯಾಕೆ ಎತ್ತಲಿಲ್ಲ?"

"ಎತ್ತಿದ್ರೆ ನಿಮ್ಮ ದನಿ ಕೇಳಿ, ನಿಮ್ಮದೇನೂ ತಪ್ಪಿಲ್ಲ ಅಂತ ಹೇಳಿಬಿಡ್ತಿದ್ದೆ. ಆಗ ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಹೇಗೆ ಹೇಳಲಿ?"

"ಗೊತ್ತಿಲ್ಲ ಅಂತಲೇ ಹೇಳಬಹುದಿತ್ತು. ಅಷ್ಟು ಸಾಕಾಗಿತ್ತು ನನಗೆ."

ಅವನು ಹೌದು ಎಂದು ತಲೆಯಾಡಿಸಿ, ಅದು ತನ್ನದೇ ತಪ್ಪು ಎಂದು ಒಪ್ಪಿಕೊಂಡ. ಸಮಜಾಯಿಷಿ ಏನೂ ಕೊಡಲಿಲ್ಲ. ಅವಳ ಮನಸ್ಸು ಹಗುರಾದದ್ದು ಆಗಲೇ. ನಿನ್ನೆಯಿಂದ ಅವನು ಏನೂ ತಿಂದಿಲ್ಲವೆಂದು ತಿಳಿದಾಗ ಎದ್ದು ನಿಂತು, ಕೆಳಗೆ ಕ್ಯಾಂಟೀನಿದೆ, ನಡೆಯಿರಿ ಎಂದಳು. ಬ್ರೆಡ್ಡು ನುಂಗುತ್ತಾ ಅವನು, ಉಪ್ಪು ಕಮ್ಮಿ ಎಂದ. ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಸೋಮವಾರದಿಂದ ಮೊಸರು ಮತ್ತೆ ಶಾಲೆಗೆ ಹೋಗತೊಡಗಿತು. ಅದರ ಮುಂದಿನ ಭಾನುವಾರ ಅವನು ಅಕ್ಕನನ್ನೂ ಗುಬ್ಬಿಯನ್ನೂ ಕರೆದುಕೊಂಡು ಅವಳ ಮನೆಗೆ ಬಂದ. ಅಪ್ಪ ಗಂಭೀರವಾಗಿ ಕೂತು, ಹಾಲು ಕರೆಯಲು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ, ಕಲಿಯುತ್ತೇನೆ ಎಂದ ಅವನು. ಮಗಳಿಗೆ ಇಷ್ಟವಿದ್ದರೆ ತನ್ನದೇನೂ ಅಡ್ಡಿಯಿಲ್ಲ ಎಂದು ಅಪ್ಪ ಹುಲ್ಲಿನ ನೆಪ ಹೇಳಿ ಎದ್ದುಹೋದರು. ಚಿಕ್ಕಮ್ಮ ಮಾತ್ರ ಬಾಗಿಲ ಹಿಂದೆ ನಿಂತು ಮೂಗು ಒರೆಸಿಕೊಳ್ಳುತ್ತಿದ್ದರು. ಈ ಸಲ ಅವರಿಗೂ ನೆಗಡಿ.

ಹೊರಡುವಾಗ ಅವಳು ಗೇಟಿನವರೆಗೆ ಬಂದಳು. ಅಕ್ಕ ಗುಬ್ಬಿಯ ಕೈ ಹಿಡಿದು ಬೇಕೆಂದೇ ಮುಂದೆ ಮುಂದೆ ನಡೆದಳು.

"ಹಾಲು ಕರೆಯೋದು ಕಲೀಬೇಕು ಅಂದ್ರಲ್ಲ, ಯಾವಾಗಿಂದ?" ಅವಳು ಕೇಳಿದಳು.

"ನೀವು ಯಾವಾಗ ಅಂತೀರೋ ಆವಾಗ."

ಅವಳು ಗೇಟಿನ ಚಿಲಕ ಹಾಕಿದಳು. ಅವನ ಮುಖ ನೋಡದೆ, ಮೆಲ್ಲಗೆ ಹೇಳಿದಳು.

"ನಾಳೆ ಬೆಳಿಗ್ಗೇನೇ ಬಾ."

ಅವನು ನಿಂತಲ್ಲೇ ನಿಂತ. "ಏನಂದ್ರಿ?"

"ಬಾ ಅಂದೆ. ಕೇಳಿಸಲಿಲ್ವಾ ನಿಂಗೆ?"

"ಕೇಳಿಸ್ತು ಕಣೇ," ಎಂದ ಅವನು. "ಇನ್ನೊಂದ್ಸಲ ಕೇಳಬೇಕು ಅನ್ನಿಸ್ತು, ಅಷ್ಟೇ."