ಕ್ಯೂ ಇಲ್ಲದ ಕುದುರೆಗಳು

"ನನ್ನ ಕೇಳಿದ್ರೆ, ಈ ಕುದುರೆಗಳನ್ನ ತೆಗೆದುಬಿಡಬೇಕು."

ತುಟಿಗೆ ಮುಟ್ಟಿಸಿದ್ದ ಕಾಫಿ ಲೋಟವನ್ನು ಪ್ರೀತಿ ಹಾಗೇ ಕೆಳಗಿಟ್ಟಳು.

ಮಾತಾಡಿದವನು ಎದ್ದು ನಿಂತಿದ್ದ. ಎತ್ತರದ ಆಳು, ತೋಳು ಮಡಿಸಿದ ನೀಲಿ ಅಂಗಿ, ಕೈಯಲ್ಲಿ ದೊಡ್ಡದೊಂದು ಚಾರ್ಟು. ಹೆಸರು ವಿಶ್ರುತ್. ವಿಜಯನಗರದವನು. ಯಾವ ರಸ್ತೆಯಲ್ಲಿ ಎಷ್ಟು ವಾಹನ ಓಡಾಡುತ್ತವೆ ಎಂದು ಎಣಿಸಿ ಹೇಳುವ ಕಂಪನಿಯೊಂದರಲ್ಲಿ ಇಂಜಿನಿಯರು.

ಅದು ನವಿಲುಗರಿ ಮನರಂಜನಾ ಪಾರ್ಕಿನ ಕ್ಯಾಂಟೀನು. ಪಾರ್ಕಿನ ಅಭಿಮಾನಿಗಳು ಎರಡು ವರ್ಷ ವಾಟ್ಸಾಪ್ ಗುಂಪಿನಲ್ಲಿ ಜಗಳವಾಡಿ, ಈಗ ಮೊದಲ ಸಲ ಮುಖಾಮುಖಿ ಕೂತಿದ್ದರು. ಪಾರ್ಕಿನವರು ಈ ವರ್ಷ ಹೊಸದಾಗಿ ಬಂಡವಾಳ ಹಾಕುವವರಿದ್ದರು. ಯಾವುದಕ್ಕೆ ಹಾಕಬೇಕೆಂದು ನೀವೂ ಬರೆದುಕೊಡಿ, ಓದಿಯೇ ತೀರ್ಮಾನ ಮಾಡುತ್ತೇವೆ ಎಂದು ಮ್ಯಾನೇಜರ್ ಮಹದೇವಪ್ರಸಾದ್ ಹೇಳಿಕಳಿಸಿದ್ದರು.

ಒಬ್ಬರಿಗೆ ರೋಲರ್ ಕೋಸ್ಟರ್ ಬೇಕು. ಇನ್ನೊಬ್ಬರಿಗೆ ನೀರಿನ ಜಾರುಬಂಡೆ. "ಮೊದ್ಲು ಟಾಯ್ಲೆಟ್ಟಿಗೆ ನೀರು ಬರೋ ಹಾಗೆ ಮಾಡ್ಲಿ, ಆಮೇಲೆ ಜಾರೋಣ," ಎಂದು ಪ್ರೀತಿಯ ಗೆಳತಿ ನಯನಾ ಗೊಣಗಿದಳು.

ವಿಶ್ರುತ್ ಚಾರ್ಟಿನ ಮೇಲೆ ಬೆರಳಿಟ್ಟ. "ನಾಲ್ಕು ಭಾನುವಾರ ಎಣಿಸಿದ್ದೀನಿ. ತೂಗುಹಡಗಿನ ಮುಂದೆ ಕ್ಯೂನಲ್ಲಿ ಯಾವಾಗ ನೋಡಿದ್ರೂ ಐವತ್ತು ಜನ. ಈ ಮೆರ್ರಿ-ಗೋ-ರೌಂಡಿನ ಕುದುರೆಗಳ ಮುಂದೆ ಮೂರೋ ನಾಲ್ಕೋ. ಪಾರ್ಕಿನ ನಟ್ಟನಡುವಿನ ಜಾಗ ಅದು. ಅಲ್ಲಿ ಕೋಸ್ಟರ್ ಬರಲಿ."

ಪ್ರೀತಿ ಎದ್ದಳು.

"ಏನ್ರೀ, ನೀವು ಕೊನೇ ಸಲ ಕುದುರೆ ಹತ್ತಿದ್ದು ಯಾವಾಗ?"

ಅವನು ಯೋಚಿಸಿದ. "ಏಳನೇ ವಯಸ್ಸಲ್ಲಿ ಇರಬಹುದು."

"ಹತ್ತೋದನ್ನ ಮರೆತೋರು ಕೀಳೋ ಮಾತಾಡಬಾರದು."

ಕ್ಯಾಂಟೀನೆಲ್ಲ ನಕ್ಕಿತು. ವಿಶ್ರುತ್ ಕೂಡ ನಕ್ಕ. ಅವನ ನಗುವಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಕೋಪ ಬಂತು...

ಆ ಕುದುರೆಗಳನ್ನು ಇಪ್ಪತ್ತೆರಡು ವರ್ಷಗಳಿಂದ ನಡೆಸುತ್ತಿದ್ದವಳು ಸೋಮಮ್ಮ. ಪ್ರೀತಿಯ ಅಮ್ಮ. ಇದು ಗುಂಪಿನಲ್ಲಿ ನಯನಾಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಅಪ್ಪ ತೀರಿಕೊಂಡಾಗ ಪ್ರೀತಿಗೆ ನಾಲ್ಕು ವರ್ಷ. ಅಶೋಕಪುರಂನ ಮನೆಯಿಂದ ಅಮ್ಮ ಅವಳನ್ನು ಕಂಕುಳಲ್ಲಿ ಎತ್ತಿಕೊಂಡೇ ಕೆಲಸಕ್ಕೆ ಬರುತ್ತಿದ್ದಳು. ಕುದುರೆಗಳ ನಡುವೆ ದೊಡ್ಡವರು ಕೂರುವ ಪುಟ್ಟ ರಥವೊಂದಿತ್ತು. ಪ್ರೀತಿ ಮಗ್ಗಿ ಕಲಿತದ್ದು, ಮಧ್ಯಾಹ್ನ ಮಲಗಿದ್ದು, ಜ್ವರ ಬಂದಾಗ ಅಮ್ಮನ ಸೀರೆ ಹೊದ್ದದ್ದು ಎಲ್ಲ ಅದರಲ್ಲೇ. ಈಗ ಅವಳು ಕೆಸರೆಯ ಶಾಲೆಯೊಂದರಲ್ಲಿ ಟೀಚರು.

ಕುದುರೆ ಹೋದರೆ ಸೋಮಮ್ಮನಿಗೆ ಅಲ್ಲಿ ಬೇರೆ ಕೆಲಸವಿಲ್ಲ ಎಂದು ಆಗಲೇ ಮಾತು ಬಂದಿತ್ತು.

'ಹೇಳಿಬಿಡಲಾ? ಹೇಳಿದರೆ ಸ್ವಾರ್ಥ ಅನ್ನುತ್ತಾರೆ. ನನ್ನ ವಾದದ ತೂಕವೇ ಹೋಗುತ್ತದೆ...' ಅವಳು ಬಾಯಿ ಬಿಗಿಹಿಡಿದಳು.

ಸಭೆಯ ಹಿರಿಯರು ಸುಂದರೇಶ ಮೇಷ್ಟ್ರು. ಅವರು ಕನ್ನಡಕ ಒರೆಸಿಕೊಂಡು ತೀರ್ಪು ಕೊಟ್ಟರು. "ನೀವಿಬ್ರೇ ಸೇರಿ ಪತ್ರ ಬರೀರಿ. ಇಬ್ರೂ ಒಪ್ಪಿದ್ದನ್ನ ಮಿಕ್ಕೋರು ಕಣ್ಣು ಮುಚ್ಚಿ ಒಪ್ಕೋಬಹುದು."

*

ಹಾಗೆ ಮೂರು ಶನಿವಾರ ಇಬ್ಬರೂ ಪಾರ್ಕು ಸುತ್ತಿದರು.

ಕುಡಿಯುವ ನೀರಿನ ನಲ್ಲಿ ಮಕ್ಕಳ ಕೈಗೆ ಎಟುಕುವುದಿಲ್ಲ ಎಂದಳು ಅವಳು. ಕೋಲು ಹಿಡಿದು ಬರುವವರಿಗೆ ಮೆಟ್ಟಿಲೇ ಶತ್ರು ಎಂದಳು. ಅವನು ಯಾವ ಯಂತ್ರಕ್ಕೆ ಎಷ್ಟು ವಯಸ್ಸಾಗಿದೆ, ಯಾವುದು ಯಾಕೆ ಕಿರುಗುಟ್ಟುತ್ತದೆ ಎಂದು ತಿಳಿಸಿದ. ಕೋಸ್ಟರಿನ ಮಾತು ಬಂದರೆ ಅವನ ಕಣ್ಣು ಹುಡುಗರ ಹಾಗೆ ಅರಳುತ್ತಿತ್ತು.

ಒಂದು ದಿನ ಅವನು ಕಡಲೆಕಾಯಿ ತರಲು ಹೋದಾಗ ಅವನ ನೋಟ್‌ಬುಕ್ಕು ಬೆಂಚಿನ ಮೇಲೇ ಉಳಿಯಿತು. ಗಾಳಿಗೆ ಹಾಳೆ ಮಗುಚಿತು. ಅವಳು ನೋಡಬಾರದಿತ್ತು, ನೋಡಿದಳು. ಪ್ರತಿ ಪುಟದಲ್ಲೂ ಅದೇ ಸಾಲು. 'ಪ್ರೀತಿ ಹೇಳಿದ್ದು.' ಅವನು ಒಪ್ಪದ ಮಾತುಗಳ ಮುಂದೆಯೂ ಅಷ್ಟೇ ದುಂಡಗೆ... 'ಪ್ರೀತಿ ಹೇಳಿದ್ದು.'

ಅವಳ ಮಾತನ್ನು ಯಾರೂ ಹೀಗೆ ಬರೆದಿಟ್ಟುಕೊಂಡಿರಲಿಲ್ಲ.

ಮೂರನೇ ಶನಿವಾರ ಅವಳೇ ಹೇಳಿದಳು. "ಆ ಕುದುರೆ ನಡೆಸೋರು ನಮ್ಮಮ್ಮ."

ಅವನ ಕೈಯಲ್ಲಿದ್ದ ಕಡಲೆಕಾಯಿ ಒಡೆಯದೆ ಉಳಿಯಿತು. "ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನ್ನ ಮಾತು ಬರ್ಕೋತಿದ್ರಾ?"

"ಬರ್ಕೋತಿದ್ದೆ." ಕಡಲೆಕಾಯಿ ಒಡೆದು ಅವಳ ಕೈಗಿಟ್ಟ. "ಯಾರಿಗೂ ಹೇಳಲ್ಲ."

ಅವತ್ತು ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದ ಪ್ರೀತಿಗೆ ಎದೆಯ ಮೇಲಿಂದ ಏನೋ ಭಾರ ಇಳಿದಂತಿತ್ತು. ಇಳಿದ ಜಾಗದಲ್ಲಿ ಇನ್ನೇನೋ ಬಂದು ಕೂತಂತೆಯೂ ಇತ್ತು...

ಬುಧವಾರ ಗುಂಪಿನಲ್ಲಿ ವಿಜಯ್‌ಕುಮಾರ್ ಎಂಬುವನ ಸಂದೇಶ ಬಂತು. ಕೋಸ್ಟರ್ ಕಡೆಯವರಲ್ಲಿ ಅವನದೇ ದೊಡ್ಡ ದನಿ.

'ಕುದುರೆ ಪರ ಮಾತಾಡೋರ ಅಮ್ಮನೇ ಅಲ್ಲಿ ಕೆಲಸಕ್ಕಿದ್ದಾರಂತೆ. ಉದ್ಧಾರ ಮಾಡ್ತಿರೋದು ಪಾರ್ಕನ್ನೋ, ಮನೇನೋ?'

ಕೆಳಗೆ ಹನ್ನೊಂದು ನಗುವ ಮುಖಗಳು.

ಪ್ರೀತಿಯ ಕಿವಿ ಬಿಸಿಯಾಯಿತು. 'ಒಬ್ಬನಿಗೆ ಹೇಳಿದ್ದೆ. ಒಬ್ಬನಿಗೆ ಮಾತ್ರ...' ನಯನಾ ಬಾಯಿಬಿಡುವವಳಲ್ಲ. ಪ್ರೀತಿ ಗುಂಪಿನಿಂದ ಹೊರಬಂದಳು. ವಿಶ್ರುತ್‌ನ ಕರೆ ಬಂತು, ಎತ್ತಲಿಲ್ಲ. ಆಮೇಲೆ ಅವನ ನಂಬರನ್ನೇ ಬ್ಲಾಕ್ ಮಾಡಿಬಿಟ್ಟಳು.

ನೀನೇ ಹೇಳಿದೆಯಾ ಎಂದು ಒಂದು ಮಾತು ಕೇಳಬಹುದಿತ್ತು. ಕೋಪದಲ್ಲಿದ್ದವರಿಗೆ ಆ ಒಂದು ಮಾತೇ ಬಲು ದೂರ.

*

ಭಾನುವಾರ ಸಂಜೆ ಸೋಮಮ್ಮ ಕೆಲಸ ಮುಗಿಸಿ ಬಂದವಳೇ ಬಾಗಿಲಲ್ಲಿ ನಿಂತು ನಗತೊಡಗಿದಳು.

"ಇವತ್ತೊಬ್ರು ಅಜ್ಜಿ ಬಂದಿದ್ರು ಕಣವ್ವ. ಬೆಳಗ್ಗಿಂದ ಸಂಜೆಗಂಟ ನಮ್ಮ ಹೊಂಗೆ ಮರದ ಕಟ್ಟೆ ಮೇಲೇ ಕೂತಿದ್ರು. ಮಡಿಲಲ್ಲಿ ಎರಡು ಚೀಲ. ಕುದುರೆ ಮೇಲೆ ಒಂದೊಂದು ಮಗಾ ಕೂತಂಗೂ ಈ ಚೀಲದಿಂದ ಆ ಚೀಲಕ್ಕೆ ಒಂದೊಂದು ಹುಣಸೆ ಬೀಜ."

"ಯಾಕಂತೆ?"

"ಮೊಮ್ಮಗ ಎಣಿಸು ಅಂದಿದ್ನಂತೆ. ಅವ್ನು ತೂಗುಹಡಗಿನ ಬಾಗಿಲಲ್ಲಿ ನಿಂತು ಎಣಿಸ್ತಿದ್ದ. ಅದೇ, ನಿನ್ ಜೊತೆ ಪಾರ್ಕು ಸುತ್ತೋನು, ಉದ್ದಕ್ಕಿದಾನಲ್ಲ, ನೀಲಿ ಅಂಗಿ."

ಪ್ರೀತಿಯ ಕೈಯಲ್ಲಿದ್ದ ಸೌಟು ಸಾರಿನಲ್ಲೇ ನಿಂತಿತು.

"ಮಧ್ಯಾಹ್ನ ನಾನು ಡಬ್ಬಿ ಬಿಚ್ಚಿದೆ. ಮುದ್ದೆ, ಉಳ್ಳಿಕಾಳು ಸಾರು. ಒಂದು ತುತ್ತು ಕೊಡ್ತೀರಾ ಅಂದ್ರು. ನಮ್ಮನೆ ಊಟ ನೀವು ಉಣ್ತೀರಾ ತಾಯಿ ಅಂದೆ. ಇಪ್ಪತ್ತು ವರ್ಷದ ಹಿಂದೆ ಈ ಮೊಮ್ಮಗನ್ನ ದಿನಾ ಕುದುರೆ ಮೇಲೆ ಕೂರಿಸಿದೋರು ನೀವು, ಇವತ್ತಿನವರೆಗೂ ನಿಮ್ಮ ಹೆಸರೂ ಕೇಳಲಿಲ್ಲ ನಾನು, ಊಟಾನಾದ್ರೂ ಕೇಳ್ತೀನಿ ಅಂದ್ರು. ಡಬ್ಬಿಗೇ ಕೈ ಹಾಕಿ ತಿಂದ್ರು."

"ಏನಂದ್ರು?"

"ಉಪ್ಪು ಕಮ್ಮಿ ಅಂದ್ರು ಕಣೆ."

ಪ್ರೀತಿಗೆ ತಡೆಯಲಾಗದೆ ನಗು ಬಂತು. ನಗುವಿನ ಜೊತೆಗೇ ಕಣ್ಣಲ್ಲಿ ನೀರು.

"ಅವ್ನು ಒಳ್ಳೇವ್ನಲ್ಲಮ್ಮ. ನಿನ್ನ ವಿಷಯ ಗುಂಪಿಗೆಲ್ಲ ಹೇಳಿದ್ದು ಅವ್ನೇ."

ಬಾಗಿಲ ಬಳಿ ಕೂತು ಚಪ್ಪಲಿ ಬಿಡುತ್ತಿದ್ದ ಸೋಮಮ್ಮ ತಲೆಯೆತ್ತಿದಳು. "ಅವ್ನ್ಯಾಕೆ ಹೇಳ್ತಾನೆ? ನಾನೇ ಹೇಳ್ದೆ. ಮೊನ್ನೆ ಮಂಗಳವಾರ ಮೇಷ್ಟ್ರು ಮೊಮ್ಮಗಳನ್ನ ಕರ್ಕಂಡು ಬಂದಿದ್ರು. ನಮ್ಮ ಹುಡುಗಿ ಪ್ರೀತಿ ಎಂಗೆ ಮಾತಾಡ್ತಾಳೆ ಗೊತ್ತಾ ಅಂತ ಜೊತೆಲಿದ್ದ ನಿಮ್ಮ ಗುಂಪಿನೋರಿಗೆ ಹೊಗಳ್ತಿದ್ರು. ತಡೀಲಾರ್ದೆ ಅವಳು ನನ್ ಮಗಳು ಅಂದ್ಬುಟ್ಟೆ." ಅವಳ ದನಿ ಸಣ್ಣದಾಯಿತು. "ಹೇಳಬಾರದಿತ್ತಾ?"

ಪ್ರೀತಿ ಅಮ್ಮನ ಪಕ್ಕದಲ್ಲಿ ನೆಲದ ಮೇಲೇ ಕೂತುಬಿಟ್ಟಳು. ಇಪ್ಪತ್ತೆರಡು ವರ್ಷ ನಿಂತು ದುಡಿದ ಕಾಲುಗಳು. ಅವನ್ನು ಮಡಿಲಿಗೆ ಎಳೆದುಕೊಂಡು ಒತ್ತಿದಳು.

"ಹೇಳಬೇಕಿತ್ತಮ್ಮ. ನಾನೇ ಮೊದಲು ಹೇಳಬೇಕಿತ್ತು."

*

ಮುಂದಿನ ಭಾನುವಾರದ ಸಭೆಗೆ ಮಹದೇವಪ್ರಸಾದ್ ಅವರೂ ಬಂದಿದ್ದರು. ಪ್ರೀತಿ ನಯನಾಳ ಹಿಂದೆ, ಕೊನೆಯ ಬೆಂಚಿನಲ್ಲಿ ಕೂತಳು. ಮುಂದಿನ ಸಾಲಿನಲ್ಲಿ ಬೆಳ್ಳಿಗೂದಲ ಅಜ್ಜಿಯೊಬ್ಬರು, ಭಾನುಮತಿಯವರು, ಹುಣಸೆ ಬೀಜದ ಚೀಲ ಹಿಡಿದೇ ಬಂದಿದ್ದರು.

ವಿಶ್ರುತ್ ಎದ್ದ. ಚಾರ್ಟಿರಲಿಲ್ಲ, ಆ ನೋಟ್‌ಬುಕ್ಕು ಮಾತ್ರ ಇತ್ತು.

"ನನ್ನ ಎಣಿಕೆ ತಪ್ಪಾಗಿತ್ತು. ಕ್ಯೂನ ಕಂಬಿಯ ಒಳಗೆ ನಿಂತೋರನ್ನ ಮಾತ್ರ ಎಣಿಸಿದ್ದೆ. ಕುದುರೆ ಹತ್ತಿರ ಯಾರೂ ನಿಲ್ಲಲ್ಲ. ಸೋಮಮ್ಮನವರು ನಿಲ್ಲೋಕೆ ಬಿಡಲ್ಲ. ಎಲ್ಲರನ್ನೂ ಹೊಂಗೆ ಮರದ ಕಟ್ಟೆ ಮೇಲೆ ನೆರಳಲ್ಲಿ ಕೂರಿಸ್ತಾರೆ. ಆಟ ಸುತ್ತುತ್ತಿರೋವಾಗ್ಲೇ ನೀನು ಬಿಳಿ ಕುದುರೆ, ನೀನು ಕರಿ ಕುದುರೆ ಅಂತ ಹಂಚಿಬಿಟ್ಟಿರ್ತಾರೆ. ನಿಂತ ತಕ್ಷಣ ಮಕ್ಕಳು ಓಡಿಹೋಗಿ ತಮ್ಮ ಕುದುರೆ ಹತ್ತುತ್ತಾರೆ. ನೂಕಾಟ ಇಲ್ಲ, ಅಳು ಇಲ್ಲ."

ಅವನು ಪುಟ ತಿರುವಿದ. "ಹೋದ ಭಾನುವಾರ ತೂಗುಹಡಗು ಹತ್ತಿದೋರು ಆರುನೂರ ಹತ್ತು ಜನ. ಕುದುರೆ ಹತ್ತಿದೋರು ಸಾವಿರದ ನಾನೂರ ಹನ್ನೆರಡು."

"ಹದಿಮೂರು," ಎಂದರು ಭಾನುಮತಿಯವರು. "ಕೊನೇಲಿ ನಾನೂ ರಥ ಹತ್ತಿದೆ."

ಎಲ್ಲರೂ ನಕ್ಕರು. ವಿಜಯ್‌ಕುಮಾರ್ ಮಾತ್ರ ತಲೆತಗ್ಗಿಸಿದ್ದ. ಆಮೇಲೆ ಅವನೇ ಹಿಂದೆ ತಿರುಗಿ, "ಸಾರಿ ಮೇಡಂ, ಆ ಮಾತು ಬರೀಬಾರದಿತ್ತು," ಎಂದ.

ವಿಶ್ರುತ್ ಪತ್ರ ಓದಿದ. ಕುದುರೆಗಳ ಬಣ್ಣ, ಬೇರಿಂಗು ಸರಿಯಾಗಲಿ. ಎಲ್ಲ ಆಟಗಳ ಮುಂದೆಯೂ ನೆರಳು, ಕೂರಲು ಕಟ್ಟೆ ಬರಲಿ. ಮಕ್ಕಳ ಎತ್ತರಕ್ಕೆ ನಲ್ಲಿ, ಮೆಟ್ಟಿಲ ಪಕ್ಕ ಇಳಿಜಾರು. ಕೋಸ್ಟರ್ ಬೇಕು, ಆದರೆ ಹಿಂಬದಿಯ ಖಾಲಿ ಜಾಗದಲ್ಲಿ, ಮುಂದಿನ ವರ್ಷ. ಪ್ರತಿ ಸಾಲಿನ ಕೊನೆಗೂ ಅದೇ ಎರಡು ಪದ. ಪ್ರೀತಿ ಹೇಳಿದ್ದು.

"ಕಟ್ಟೆ ವಿಷಯ ನಾನು ಹೇಳಿರಲಿಲ್ಲ," ಎಂದಳು ಪ್ರೀತಿ, ಕೊನೆಯ ಬೆಂಚಿನಿಂದ. ಅಷ್ಟು ವರ್ಷ ಆ ಕಟ್ಟೆಯ ಪಕ್ಕದಲ್ಲೇ ಬೆಳೆದು, ಅದೊಂದು ವಿಷಯವೆಂದು ಅವಳಿಗೂ ಹೊಳೆದಿರಲಿಲ್ಲ. "ಅದು ನಮ್ಮಮ್ಮ ಮಾಡಿದ್ದು. ಅವರ ಹೆಸರು ಬರೀರಿ."

ವಿಶ್ರುತ್ ಅಲ್ಲೇ ಪೆನ್ನು ತೆಗೆದು ತಿದ್ದಿದ.

ಮಹದೇವಪ್ರಸಾದ್ ಗಂಟಲು ಸರಿಮಾಡಿಕೊಂಡರು. "ಕುದುರೆ ತೆಗೆಯೋ ಮಾತು ಇವತ್ತಿಗೆ ಮುಗೀತು. ಅದು ನನ್ನ ಕೈಲಿರೋದು, ಅದಕ್ಕೇ ಹೇಳ್ತಿದ್ದೀನಿ. ಮಿಕ್ಕಿದ್ದನ್ನ ಮಾಲೀಕರ ಮುಂದಿಡ್ತೀನಿ. ಸೋಮಮ್ಮನವರು ಬೇರೆ ಆಟದೋರಿಗೂ ಇದನ್ನ ಕಲಿಸಿಕೊಡ್ಲಿ, ಅಷ್ಟೇ."

*

ಹೊರಗೆ ಕುದುರೆಗಳು ಸುತ್ತುತ್ತಿದ್ದವು. ಸೋಮಮ್ಮನ ಮುಂದೆ ಭಾನುಮತಿಯವರು ಸ್ಟೀಲ್ ಡಬ್ಬಿಯೊಂದನ್ನು ಬಿಚ್ಚುತ್ತಿದ್ದರು. "ನಮ್ಮನೆ ಬಿಸಿಬೇಳೆಭಾತು ಸೋಮಮ್ಮ. ಉಪ್ಪು ನೋಡಿ ಹೇಳಿ."

"ಜಾಸ್ತಿ ಇದ್ರೆ ಬಯ್ತೀನಿ."

"ಬಯ್ಯಿ. ಅದಕ್ಕೇ ತಂದಿದ್ದು."

ಪ್ರೀತಿ ಹೊಂಗೆ ಮರದ ಕಟ್ಟೆಯ ಮೇಲೆ ಕೂತಿದ್ದಳು. ವಿಶ್ರುತ್ ಬಂದು ಎದುರಿಗೆ ನಿಂತ. ಬಿಸಿಲು ಅವನ ಬೆನ್ನ ಮೇಲೆ ಬಿದ್ದಿತ್ತು.

"ನಾನು ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು," ಎಂದಳು. "ಕೇಳದೇನೇ ಬಾಗಿಲು ಹಾಕ್ಬುಟ್ಟೆ. ತಪ್ಪಾಯ್ತು."

"ನಾನೂ ಕಟ್ಟೆ ನೋಡದೇನೇ ಚಾರ್ಟ್ ಬರೆದಿದ್ದೆ."

"ನಮ್ಮಮ್ಮನ ಕೆಲಸ ಉಳೀತು. ಅದಕ್ಕಿಂತ ಹೆಚ್ಚಾಗಿ, ಅವರು ಮಾಡೋದೇನು ಅಂತ ನಾಲ್ಕು ಜನಕ್ಕೆ ಕಾಣಿಸ್ತು. ಇದಕ್ಕೆ ಥ್ಯಾಂಕ್ಸ್ ಅಂದ್ರೆ ಸಾಲಲ್ಲ. ಏನನ್ನಬೇಕೋ ಗೊತ್ತಾಗ್ತಿಲ್ಲ..."

"ಏನೂ ಅನ್ನಬೇಡಿ. ನಾನು ಹೇಳೋದು ಒಂದಿದೆ, ಕೇಳಿ." ನೋಟ್‌ಬುಕ್ಕಿನ ಅಂಚನ್ನು ಅವನು ಸುಮ್ಮಸುಮ್ಮನೆ ತಿರುವಿದ. "ನೀವು ಮಾತಾಡ್ತಿದ್ರೆ ನನಗೆ ಬರೆದಿಟ್ಕೋಬೇಕು ಅನ್ಸುತ್ತೆ. ಪಾರ್ಕಿನ ವಿಷಯ ಮುಗಿದ ಮೇಲೂ. ಬದುಕೆಲ್ಲ. ಉತ್ತರ ಈಗಲೇ ಬೇಡ. ಆದ್ರೆ... ಎಷ್ಟು ದಿನ ಕ್ಯೂನಲ್ಲಿ ನಿಲ್ಲಬೇಕು ಅಂತ ಹೇಳಿದ್ರೆ ನಿಲ್ತೀನಿ."

ಪ್ರೀತಿ ತಲೆಯೆತ್ತಿ ಅವನನ್ನೇ ನೋಡಿದಳು. ಆಮೇಲೆ ಸೆರಗು ಬಳಿಗೆಳೆದುಕೊಂಡು, ಕಟ್ಟೆಯ ಮೇಲೆ ಒಂದಿಷ್ಟು ಸರಿದಳು.

"ನಮ್ಮಮ್ಮನ ಹತ್ರ ಯಾರೂ ಕ್ಯೂ ನಿಲ್ಲಲ್ಲ ಕಣ್ರೀ. ನೆರಳಿಗೆ ಬನ್ನಿ. ಕೂತ್ಕೊಳ್ಳಿ."